ಹೃದಯದ ಕ್ಯಾಲ್ಸಿಯಂ ಸ್ಕ್ಯಾನ್: ಹಾಸನ, ಚಿಕ್ಕಮಗಳೂರಿನವರು ದುಡ್ಡು ಕಟ್ಟುವ ಮೊದಲು

2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿಗಳು ಬೆಳಗಾದರೆ ಬರತೊಡಗಿದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಉದ್ದನೆಯ ಸಾಲು ನಿಂತಿತು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿ ತನಿಖೆಗೆ ಹಚ್ಚಿತು. ಅಲ್ಲಿಂದೀಚೆಗೆ ಈ ಭಾಗದಲ್ಲಿ ‘ಹಾರ್ಟ್ ಸ್ಕ್ಯಾನ್ ಮಾಡಿಸಿದ್ರಾ?’ ಎಂಬ ಪ್ರಶ್ನೆ ಮದುವೆ ಮನೆಯ ಪಂಕ್ತಿಯಲ್ಲೂ ಕೇಳಿಬರುತ್ತದೆ. ಕೇಳುವವರಲ್ಲಿ ಒಬ್ಬರ ಮನಸ್ಸಿನಲ್ಲಿ ಎಕೋ ಇರುತ್ತದೆ, ಇನ್ನೊಬ್ಬರ ಮನಸ್ಸಿನಲ್ಲಿ ಟಿಎಂಟಿ, ಮತ್ತೊಬ್ಬರದು ಆಂಜಿಯೋಗ್ರಾಂ. ಇಲ್ಲಿ ವಿಮರ್ಶೆಗೆ ತೆಗೆದುಕೊಂಡಿರುವುದು ಇವು ಯಾವುದೂ ಅಲ್ಲ. ಸಿ.ಟಿ. ಯಂತ್ರದಲ್ಲಿ ಮಾಡುವ ಕೊರೊನರಿ ಕ್ಯಾಲ್ಸಿಯಂ ಸ್ಕೋರ್, ಅಂದರೆ ಹೃದಯಕ್ಕೆ ರಕ್ತ ಕೊಡುವ ನಾಳಗಳ ಗೋಡೆಯಲ್ಲಿ ಗಟ್ಟಿಯಾಗಿ ಕುಳಿತ ಕ್ಯಾಲ್ಸಿಯಂ ಎಷ್ಟಿದೆ ಎಂದು ಅಳೆಯುವ ಸ್ಕ್ಯಾನ್.

ತೀರ್ಪನ್ನು ಮೊದಲೇ ಹೇಳಿಬಿಡೋಣ. ಸರಿಯಾದ ವ್ಯಕ್ತಿಗೆ, ಸರಿಯಾದ ಕ್ರಮದಲ್ಲಿ ಮಾಡಿದರೆ ಈ ಸ್ಕ್ಯಾನ್‌ಗೆ ಐದಕ್ಕೆ ನಾಲ್ಕು ಅಂಕ ಕೊಡಬಹುದು. ಸೂಜಿ ಇಲ್ಲ, ಔಷಧಿ ಇಲ್ಲ, ಟೇಬಲ್ ಮೇಲೆ ಮಲಗಿ ಏಳುವುದಕ್ಕೆ ಹತ್ತು ಹದಿನೈದು ನಿಮಿಷ ಸಾಕು, ಮುಂದಿನ ಹತ್ತು ವರ್ಷದ ಬಗ್ಗೆ ನಂಬಬಹುದಾದ ಸುಳಿವು ಕೈಗೆ ಬರುತ್ತದೆ. ಆದರೆ ‘ಫುಲ್ ಬಾಡಿ ಪ್ಯಾಕೇಜ್’ ಒಳಗೆ ತುರುಕಿ 28 ವರ್ಷದ ಹುಡುಗನಿಗೂ, ಎದೆನೋವು ಎಂದು ಬಂದವನಿಗೂ ಒಂದೇ ಚೀಟಿ ಹರಿದುಕೊಡುವ ಪದ್ಧತಿಗೆ ಒಂದು ಅಂಕವೂ ಸಲ್ಲದು.

ಎದೆನೋವಿನ ವಿಷಯವನ್ನು ಇಲ್ಲೇ ಮುಗಿಸಬೇಕು. ಎದೆ ಹಿಂಡಿದಂತೆ ಆಗುತ್ತಿದ್ದರೆ, ನೋವು ಎಡಗೈಗೋ ದವಡೆಗೋ ಹಬ್ಬುತ್ತಿದ್ದರೆ, ಬೆವರು ಕಿತ್ತು ಬರುತ್ತಿದ್ದರೆ ಸ್ಕ್ಯಾನ್ ಸೆಂಟರ್ ಕಡೆ ತಿರುಗಬೇಡಿ. ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಬೇಕು. ಡಾ. ಪುನೀತ್ ರಾಜಕುಮಾರ್ ಹೃದಯ ಜ್ಯೋತಿ ಯೋಜನೆ ಇರುವುದೇ ಇದಕ್ಕೆ: ಅಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ನೋಡುತ್ತಾರೆ, ಅಗತ್ಯವಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಸಿಗುತ್ತದೆ. ಹೃದಯಾಘಾತ ನಡೆಯುತ್ತಿರುವಾಗಲೂ ಕ್ಯಾಲ್ಸಿಯಂ ಸ್ಕೋರ್ ಸೊನ್ನೆ ಬರಬಹುದು. ನಾಳ ಮುಚ್ಚುವ ಹೆಪ್ಪು ಮೆದು ಕೊಬ್ಬಿನ ಪದರ ಒಡೆದೂ ಕಟ್ಟುತ್ತದೆ, ಆ ಮೆದು ಪದರ ಈ ಸ್ಕ್ಯಾನ್‌ನಲ್ಲಿ ಕಾಣಿಸುವುದೇ ಇಲ್ಲ.

ಹಾಗಾದರೆ ಯಾರಿಗೆ? ಸುಮಾರು 40ರಿಂದ 75 ವರ್ಷದೊಳಗಿನವರು, ಯಾವ ಲಕ್ಷಣವೂ ಇಲ್ಲದವರು, ಆದರೆ ಕೊಲೆಸ್ಟರಾಲ್ ಸ್ವಲ್ಪ ಜಾಸ್ತಿ, ಬಿ.ಪಿ. ಗಡಿಯಲ್ಲಿದೆ, ತಂದೆಗೋ ಅಣ್ಣನಿಗೋ 55 ತುಂಬುವ ಮೊದಲೇ ಹೃದಯಾಘಾತವಾಗಿತ್ತು ಎಂಬಂಥವರು. ವೈದ್ಯರು ‘ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಶುರು ಮಾಡೋಣ’ ಅನ್ನುತ್ತಾರೆ, ರೋಗಿಗೆ ಮನಸ್ಸಿಲ್ಲ. ಆ ಅನುಮಾನವನ್ನು ಬಗೆಹರಿಸುವುದೇ ಈ ಸ್ಕ್ಯಾನ್‌ನ ನಿಜವಾದ ಕೆಲಸ. ಉತ್ತರ ಏನೇ ಬಂದರೂ ಚಿಕಿತ್ಸೆ ಬದಲಾಗುವುದಿಲ್ಲ ಎನ್ನುವವರಿಗೆ ಇದರಿಂದ ಲಾಭ ಕಡಿಮೆ. 40 ದಾಟಿದ ಮಧುಮೇಹಿಗಳಿಗೆ, ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟರಾಲ್, 190 ದಾಟಿದವರಿಗೆ ಸ್ಕೋರ್ ನೋಡದೆಯೇ ಸ್ಟ್ಯಾಟಿನ್ ಕೊಡುತ್ತಾರೆ. ಸ್ಟೆಂಟ್ ಹಾಕಿಸಿಕೊಂಡವರಿಗೆ, ಬೈಪಾಸ್ ಆದವರಿಗೆ ರೋಗ ಇದೆ ಎಂದು ಆಗಲೇ ಗೊತ್ತಿದೆ, ಅದೂ ಅಲ್ಲದೆ ಸ್ಟೆಂಟ್‌ನ ಲೋಹವನ್ನೇ ತಂತ್ರಾಂಶ ಕ್ಯಾಲ್ಸಿಯಂ ಎಂದು ಎಣಿಸಬಹುದು. ಗರ್ಭಿಣಿಯರು ಮಾಡಿಸಲೇಬಾರದು. 30ರ ಆಸುಪಾಸಿನವರಲ್ಲಿ ಸೊನ್ನೆ ಬರುವುದೇ ಹೆಚ್ಚು, ಆ ಸೊನ್ನೆಗೆ ಬೆಲೆ ಕಡಿಮೆ. ಕೊಬ್ಬಿನ ಪದರ ಸುಣ್ಣಗಟ್ಟುವುದಕ್ಕೆ ವರ್ಷಗಳೇ ಬೇಕು. ಆ ವಯಸ್ಸಿನವರು ಅದೇ ದುಡ್ಡಿನಲ್ಲಿ ಲಿಪಿಡ್ ಪ್ರೊಫೈಲ್ (ರಕ್ತದ ಕೊಬ್ಬಿನ ಪರೀಕ್ಷೆ), ಎಚ್‌ಬಿಎ1ಸಿ (ಮೂರು ತಿಂಗಳ ಸಕ್ಕರೆಯ ಸರಾಸರಿ), ಜೀವನದಲ್ಲಿ ಒಮ್ಮೆ ಲೈಪೊಪ್ರೋಟೀನ್ ‘ಎ’ (ವಂಶದಿಂದ ಬರುವ ಒಂದು ಬಗೆಯ ಕೊಲೆಸ್ಟರಾಲ್ ಕಣ) ಪರೀಕ್ಷೆ ಮಾಡಿಸಿ ಬೀಡಿ ಸಿಗರೇಟು ಬಿಟ್ಟರೆ ಹೆಚ್ಚು ಲಾಭ.

ಮಲೆನಾಡಿನಲ್ಲಿ ಮತ್ತೆ ಮತ್ತೆ ಬರುವ ಒಂದು ಪ್ರಶ್ನೆ: ಎಲೆ ಅಡಿಕೆಗೆ ಹಚ್ಚುವ ಸುಣ್ಣ ಹೋಗಿ ನಾಳದಲ್ಲಿ ಕೂರುತ್ತದೆಯೇ? ಇಲ್ಲ. ನಾಳದ ಗೋಡೆಯೊಳಗೆ ಕೊಬ್ಬು ಸೇರಿ, ಉರಿಯೂತವಾಗಿ, ಅಲ್ಲಿನ ಜೀವಕೋಶಗಳು ಸತ್ತ ಜಾಗದಲ್ಲಿ ಕ್ಯಾಲ್ಸಿಯಂ ಫಾಸ್ಫೇಟ್ ಹರಳುಗಟ್ಟುತ್ತದೆ. ಎಲೆಯ ಜೊತೆ ಹೊಗೆಸೊಪ್ಪು ಹಾಕಿಕೊಳ್ಳುವವರು ಸುಣ್ಣಕ್ಕಲ್ಲ, ಹೊಗೆಸೊಪ್ಪಿಗೆ ಹೆದರಬೇಕು.

ಇನ್ನು ಸೆಂಟರ್ ಆರಿಸುವ ಮಾತು. ಚಿಕ್ಕಮಗಳೂರಿನಿಂದ ಹಾಸನಕ್ಕೆ ಸುಮಾರು 60 ಕಿಲೋಮೀಟರ್. ಕೊಪ್ಪ, ಶೃಂಗೇರಿ ಕಡೆಯಿಂದ ಬರುವವರಿಗೆ ಇಡೀ ದಿನವೇ ಹೋಗುತ್ತದೆ. ಹೊರಡುವ ಮೊದಲು ಫೋನ್ ಮಾಡಿ, ಫೋನ್ ಎತ್ತಿದವರ ಬದಲು ಸಿ.ಟಿ. ಟೆಕ್ನಿಷಿಯನ್ ಜೊತೆ ಮಾತಾಡಿ. ಯಂತ್ರ ಎಷ್ಟು ಸ್ಲೈಸ್‌ನದು, ಅಂದರೆ ಒಂದು ಸುತ್ತಿಗೆ ಎಷ್ಟು ಪದರದ ಚಿತ್ರ ತೆಗೆಯುತ್ತದೆ ಎಂದು ಕೇಳಿ: 64 ಅಥವಾ ಅದಕ್ಕಿಂತ ಹೆಚ್ಚಿನದಾದರೆ ಒಳ್ಳೆಯದು. 16 ಸ್ಲೈಸ್‌ನಲ್ಲೂ ಸ್ಕೋರ್ ತೆಗೆಯಬಹುದು, ಆದರೆ ಉಸಿರು ಹಿಡಿಯುವ ಹೊತ್ತು ಹೆಚ್ಚಾಗುತ್ತದೆ, ಹೃದಯ ಅಲುಗಾಡಿದ ಕಲೆ ಚಿತ್ರಕ್ಕೆ ಬರುವ ಸಾಧ್ಯತೆಯೂ ಹೆಚ್ಚು. ಅದಕ್ಕಿಂತ ಮುಖ್ಯ, ಇಸಿಜಿ ಗೇಟಿಂಗ್, ಅಂದರೆ ಹೃದಯ ಬಡಿತಕ್ಕೆ ಹೊಂದಿಸಿ ಚಿತ್ರ ತೆಗೆಯುವ ಏರ್ಪಾಡು ಇದೆಯೇ ಎಂಬ ಪ್ರಶ್ನೆ. ಎದೆಗೆ ಇಸಿಜಿ ತಂತಿ ಹಚ್ಚದೆ ಸಾಮಾನ್ಯ ಎದೆಯ ಸಿ.ಟಿ. ತೆಗೆದು ಅದರಿಂದಲೇ ಸ್ಕೋರ್ ಬರೆದುಕೊಟ್ಟರೆ ಆ ಅಂಕಿಯನ್ನು ಇನ್ನೊಂದಕ್ಕೆ ಹೋಲಿಸಲು ಬರುವುದಿಲ್ಲ. ‘ಪ್ರಾಸ್ಪೆಕ್ಟಿವ್’ ಗೇಟಿಂಗ್ ಎಂಬ ಉತ್ತರ ಬಂದರೆ ಖುಷಿಪಡಬಹುದು: ಪ್ರತಿ ಹೃದಯ ಬಡಿತದಲ್ಲೂ ಹೃದಯ ವಿಶ್ರಾಂತಿಯಲ್ಲಿರುವ ಆ ಒಂದು ಕ್ಷಣದಲ್ಲಿ ಮಾತ್ರ ಎಕ್ಸ್‌ರೇ ಹೊರಡುತ್ತದೆ. ‘ರೆಟ್ರೋಸ್ಪೆಕ್ಟಿವ್’ ಕ್ರಮದಲ್ಲಿ ಬಡಿತದುದ್ದಕ್ಕೂ ಕಿರಣ ಬೀಳುತ್ತದೆ, ವಿಕಿರಣ ಹಲವು ಪಟ್ಟು ಹೆಚ್ಚುತ್ತದೆ, ಬರೀ ಸ್ಕೋರ್‌ಗೆ ಅದರ ಅಗತ್ಯವೇ ಇಲ್ಲ.

ಸಿ.ಟಿ. ಯಂತ್ರ ನಡೆಸಲು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಬೇಕೇ ಬೇಕು. ಅದನ್ನು ತೋರಿಸಿ ಎಂದು ಕೇಳುವುದು ಒರಟುತನವಲ್ಲ. ಬೆಳಿಗ್ಗೆ ಯಂತ್ರ ಶುರು ಮಾಡುವಾಗ ಟ್ಯೂಬ್ ಬಿಸಿ ಮಾಡಿ, ಗಾಳಿಯ ಕ್ಯಾಲಿಬ್ರೇಷನ್ ಮಾಡಿ, ಕಾಲಕಾಲಕ್ಕೆ ನೀರು ತುಂಬಿದ ಫ್ಯಾಂಟಮ್ (ಪರೀಕ್ಷೆಗೆಂದೇ ಇರುವ ಡಬ್ಬಿ) ಇಟ್ಟು ಸಿ.ಟಿ. ಅಳತೆಯಲ್ಲಿ ನೀರಿನ ಸಾಂದ್ರತೆ ಸೊನ್ನೆಯ ಆಸುಪಾಸಿನಲ್ಲೇ ಬರುತ್ತಿದೆಯೇ ಎಂದು ನೋಡಬೇಕು. ಸ್ಕೋರ್‌ನ ಇಡೀ ಲೆಕ್ಕ ಒಂದು ಸಾಂದ್ರತೆಯ ಗಡಿಯ ಮೇಲೆ ನಿಂತಿರುವುದರಿಂದ ಈ ಕೆಲಸದಲ್ಲಿ ಉದಾಸೀನ ಮಾಡುವ ಜಾಗದಲ್ಲಿ ಅಂಕಿ ಅತ್ತಿತ್ತ ಜಾರುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದ ಮೇಲೆ ಟೆಕ್ನಿಷಿಯನ್ ‘ಅರ್ಧ ಗಂಟೆ ಕಾಯಿರಿ’ ಎಂದರೆ ಸಿಟ್ಟಾಗಬೇಡಿ, ಅವರು ಸರಿಯಾದ ಕೆಲಸವನ್ನೇ ಮಾಡುತ್ತಿದ್ದಾರೆ.

ದರ ಊರಿಂದೂರಿಗೆ, ಸೆಂಟರಿನಿಂದ ಸೆಂಟರಿಗೆ ಬೇರೆ. ಬರೀ ‘ಕ್ಯಾಲ್ಸಿಯಂ ಸ್ಕೋರ್, ಪ್ಲೇನ್’ ಎಂದು ಹೇಳಿ ದರ ಕೇಳಿ. ಸಿ.ಟಿ. ಆಂಜಿಯೋಗ್ರಾಂ ದರ ಹೇಳಿದರೆ ಅದು ಬೇರೆ ಪರೀಕ್ಷೆ: ಅದರಲ್ಲಿ ಕೈಯ ನಾಳಕ್ಕೆ ಅಯೋಡಿನ್ ಇರುವ ಕಾಂಟ್ರಾಸ್ಟ್ ಹಾಕುತ್ತಾರೆ, ಮೊದಲು ಮೂತ್ರಪಿಂಡದ ಸ್ಥಿತಿ ತಿಳಿಯಲು ರಕ್ತದ ಕ್ರಿಯಾಟಿನಿನ್ ನೋಡುತ್ತಾರೆ. ಆಸ್ಪತ್ರೆಗೆ ಸೇರದೆ ಮಾಡಿಸುವ ಪರೀಕ್ಷೆಗೆ ಸಾಮಾನ್ಯವಾಗಿ ವಿಮೆ ಹಣ ಬರುವುದಿಲ್ಲ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರು ರಸೀದಿ ಇಟ್ಟುಕೊಳ್ಳಲಿ, ಮುಂಜಾಗ್ರತಾ ತಪಾಸಣೆಯ ಲೆಕ್ಕದಲ್ಲಿ ವರ್ಷಕ್ಕೆ 5,000 ರೂಪಾಯಿವರೆಗೆ ವಿನಾಯಿತಿ ಇದೆ.

ಹೋಗುವ ದಿನ ಕಾಫಿ ಬೇಡ. ಕಾಫಿ ಸೀಮೆಯಲ್ಲಿ ಹೇಳುವುದು ಕಷ್ಟದ ಮಾತು, ಆದರೂ ಸ್ಕ್ಯಾನ್‌ಗೆ ಕನಿಷ್ಠ ನಾಲ್ಕು ಗಂಟೆ ಮೊದಲಿನಿಂದ ಕಾಫಿ, ಟೀ, ಸಿಗರೇಟು ಯಾವುದೂ ಬೇಡ. ಕಾರಣ ಹೃದಯದ ವೇಗ. ನಿಮಿಷಕ್ಕೆ 65ರೊಳಗಿದ್ದರೆ ಎರಡು ಬಡಿತದ ನಡುವೆ ಹೃದಯ ನಿಶ್ಚಲವಾಗಿರುವ ಬಿಡುವು ಉದ್ದವಿರುತ್ತದೆ. 80, 90 ಆದರೆ ಆ ಬಿಡುವು ಕುಗ್ಗಿ ಚಿತ್ರ ಮಸುಕಾಗುತ್ತದೆ. ಅದರಲ್ಲೂ ಬಲಗಡೆಯ ನಾಳ, ಅಂದರೆ ಆರ್‌ಸಿಎ, ಎಲ್ಲಕ್ಕಿಂತ ವೇಗವಾಗಿ ಚಲಿಸುವುದರಿಂದ ಮೊದಲು ಕೆಡುವುದು ಅದರ ಚಿತ್ರವೇ. ಖಾಲಿ ಹೊಟ್ಟೆಯಲ್ಲಿ ಹೋಗಬೇಕಿಲ್ಲ. ಅದೇ ದಿನ ರಕ್ತ ಪರೀಕ್ಷೆ ಇದ್ದರೆ ಮಾತ್ರ ಅದರ ನಿಯಮ ಪಾಲಿಸಿ. ಬಿ.ಪಿ. ಮಾತ್ರೆ ಎಂದಿನಂತೆ ನುಂಗಿ. ಕಾಂಟ್ರಾಸ್ಟ್ ಇಲ್ಲದ್ದರಿಂದ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ನಿಲ್ಲಿಸುವ ಪ್ರಶ್ನೆಯೇ ಇಲ್ಲ.

ಟೇಬಲ್ ಮೇಲೆ ಮಲಗುವ ಮೊದಲು ಕತ್ತಿನ ಸರ, ಮಾಂಗಲ್ಯ, ತಾಯಿತ ತೆಗೆದಿಡಬೇಕು. ಸೊಂಟದ ಉಡಿದಾರ ಸ್ಕ್ಯಾನ್ ಆಗುವ ಜಾಗಕ್ಕೆ ಬರುವುದಿಲ್ಲ, ಇರಲಿ. ಎದೆಯ ಮೇಲೆ ಕೂದಲು ದಟ್ಟವಾಗಿದ್ದರೆ ಇಸಿಜಿ ಸ್ಟಿಕ್ಕರ್ ಕೂರುವ ಜಾಗದಲ್ಲಿ ಬೋಳಿಸುತ್ತಾರೆ, ಬೇಡ ಎನ್ನಬೇಡಿ. ಸ್ಟಿಕ್ಕರ್ ಸಡಿಲವಾದರೆ ಯಂತ್ರ ಬಡಿತವನ್ನು ತಪ್ಪಾಗಿ ಓದಿ ಬೇಡದ ಕ್ಷಣದಲ್ಲಿ ಚಿತ್ರ ತೆಗೆಯುತ್ತದೆ. ಕೈಗಳನ್ನು ತಲೆಯ ಮೇಲೆ ಚಾಚಿ ಮಲಗಬೇಕು; ಭುಜ ಹಿಡಿದುಕೊಂಡಿರುವವರು ಮೊದಲೇ ಹೇಳಿದರೆ ದಿಂಬು ಕೊಡುತ್ತಾರೆ. ಸುಮಾರು ಹತ್ತು ಸೆಕೆಂಡ್ ಉಸಿರು ಹಿಡಿಯಬೇಕು. ಒಳ್ಳೆಯ ಟೆಕ್ನಿಷಿಯನ್ ಅದನ್ನು ಮೊದಲು ಒಂದೆರಡು ಸಲ ಅಭ್ಯಾಸ ಮಾಡಿಸುತ್ತಾರೆ. ತೀರಾ ಆಳವಾಗಿ ಎಳೆದುಕೊಂಡವರಿಗೆ ಕೊನೆಯ ಸೆಕೆಂಡಿನಲ್ಲಿ ತಡೆಯಲಾಗದೆ ಉಸಿರು ಬಿಟ್ಟುಹೋಗುತ್ತದೆ. ಮುಕ್ಕಾಲು ಭಾಗ ಎಳೆದುಕೊಂಡು ನಿಲ್ಲಿಸುವುದು ಸುಲಭ.

ಈಗ ಅಂಕಿ ಹೇಗೆ ಹುಟ್ಟುತ್ತದೆ ಎಂಬುದು. ಇದು ಗೊತ್ತಿದ್ದರೆ ಅರ್ಧ ಗಾಬರಿ ತಾನಾಗಿಯೇ ಇಳಿಯುತ್ತದೆ. ಆರ್ಥರ್ ಅಗಾಟ್‌ಸ್ಟನ್ ಮತ್ತು ಸಂಗಡಿಗರು 1990ರಲ್ಲಿ ಕೊಟ್ಟ ಸೂತ್ರವೇ ಇಂದಿಗೂ ನಡೆಯುತ್ತಿದೆ. ಹೃದಯವನ್ನು ಮೇಲಿನಿಂದ ಕೆಳಗೆ 3 ಮಿಲಿಮೀಟರ್ ದಪ್ಪದ ಪದರಗಳಾಗಿ ನೋಡುತ್ತಾರೆ, 40ರಿಂದ 50 ಪದರ ಬರುತ್ತವೆ. ಪ್ರತಿ ಪದರದಲ್ಲೂ 130 ಹೌನ್ಸ್‌ಫೀಲ್ಡ್‌ಗಿಂತ (ಸಿ.ಟಿ.ಯಲ್ಲಿ ಸಾಂದ್ರತೆ ಅಳೆಯುವ ಮಾನ) ಹೆಚ್ಚು ಸಾಂದ್ರತೆಯ, ಕನಿಷ್ಠ 1 ಚದರ ಮಿ.ಮೀ. ವಿಸ್ತಾರದ ಕಲೆಯನ್ನು ಕ್ಯಾಲ್ಸಿಯಂ ಎಂದು ಹಿಡಿಯುತ್ತಾರೆ. ಆ ಕಲೆಯ ಅತಿ ಹೆಚ್ಚಿನ ಸಾಂದ್ರತೆ 130ರಿಂದ 199 ಇದ್ದರೆ ಗುಣಕ 1, 200ರಿಂದ 299 ಇದ್ದರೆ 2, 300ರಿಂದ 399 ಇದ್ದರೆ 3, 400 ಮತ್ತು ಮೇಲಿದ್ದರೆ 4. ವಿಸ್ತಾರವನ್ನು ಗುಣಕದಿಂದ ಗುಣಿಸಿ ಎಲ್ಲವನ್ನೂ ಕೂಡುವುದು, ಅಷ್ಟೇ.

ಉದಾಹರಣೆಗೆ ಎಡಗಡೆಯ ಮುಂಭಾಗದ ನಾಳ ಎಲ್‌ಎಡಿಯಲ್ಲಿ ಒಂದೇ ಗಟ್ಟಿ ಮೂರು ಪದರಗಳಲ್ಲಿ ಕಾಣಿಸಿದೆ ಎನ್ನೋಣ. ಮೊದಲ ಪದರದಲ್ಲಿ 5 ಚದರ ಮಿ.ಮೀ., ಸಾಂದ್ರತೆ 320: 5ಕ್ಕೆ 3, ಅಂದರೆ 15. ಎರಡನೆಯದರಲ್ಲಿ 6 ಚದರ ಮಿ.ಮೀ., ಸಾಂದ್ರತೆ 402: ಆರು ನಾಲ್ಕಲೆ 24. ಮೂರನೆಯದರಲ್ಲಿ 4 ಚದರ ಮಿ.ಮೀ., ಸಾಂದ್ರತೆ 180: 4. ಒಟ್ಟು 43. ನಡುವಿನ ಪದರದ ಸಾಂದ್ರತೆ 402ರ ಬದಲು 398 ಎಂದು ಬಂದಿದ್ದರೆ? ಗುಣಕ 3ಕ್ಕೆ ಇಳಿದು ಆ ಪದರದ ಅಂಕ 18, ಒಟ್ಟು 37 ಆಗುತ್ತಿತ್ತು. ನಾಳ ಅದೇ, ಗಟ್ಟಿ ಅದೇ, ಚಿತ್ರದ ಸಣ್ಣ ಕಾಳುಕಾಳುತನವೇ ಆರು ಅಂಕ ಬದಲಿಸಿತು. ಹಾಗಾಗಿ ಈ ಊರಿನಲ್ಲಿ 37, ಆ ಊರಿನಲ್ಲಿ 43 ಬಂತೆಂದು ಕಂಗಾಲಾಗುವುದರಲ್ಲಿ ಅರ್ಥವಿಲ್ಲ. ಸೊನ್ನೆಯೇ, ನೂರರ ಕೆಳಗೇ, ನೂರರ ಮೇಲೆಯೇ, ನಾನೂರು ದಾಟಿದೆಯೇ ಎಂಬುದೇ ಮುಖ್ಯ.

ಇನ್ನೊಂದು ಮಾತನ್ನು ಎಷ್ಟು ಸಲ ಹೇಳಿದರೂ ಸಾಲದು: ಸ್ಕೋರ್ 80 ಅಂದರೆ 80 ಪರ್ಸೆಂಟ್ ಬ್ಲಾಕ್ ಅಲ್ಲ. ನಾಳ ಎಷ್ಟು ಕಿರಿದಾಗಿದೆ ಎಂದು ಈ ಸ್ಕ್ಯಾನ್ ಹೇಳುವುದೇ ಇಲ್ಲ. ಸ್ಕೋರ್ 500 ಇದ್ದೂ ರಕ್ತ ಸರಾಗವಾಗಿ ಹರಿಯುತ್ತಿರಬಹುದು. ಸ್ಕೋರ್ ಹೇಳುವುದು ನಾಳಗಳ ಗೋಡೆಯಲ್ಲಿ ಒಟ್ಟು ಎಷ್ಟು ರೋಗ ಕೂಡಿದೆ ಎಂಬುದನ್ನು. ‘400 ಬಂದಿದೆ, ನಾಳೆಯೇ ಸ್ಟೆಂಟ್’ ಎಂದು ಯಾರಾದರೂ ಅವಸರಪಡಿಸಿದರೆ, ಲಕ್ಷಣ ಇಲ್ಲದವರು ಇನ್ನೊಬ್ಬ ಹೃದ್ರೋಗ ತಜ್ಞರನ್ನು ಕೇಳಬೇಕು.

ತಪ್ಪುಗಳು ಎಲ್ಲಿ ನುಸುಳುತ್ತವೆ ಎಂದು ತಿಳಿದಿದ್ದರೆ ವರದಿಯನ್ನು ಪ್ರಶ್ನಿಸುವುದು ಸುಲಭ. ತಂತ್ರಾಂಶ 130 ದಾಟಿದ್ದನ್ನೆಲ್ಲ ಬಣ್ಣ ಹಚ್ಚಿ ತೋರಿಸುತ್ತದೆ. ಯಾವುದು ಹೃದಯದ ನಾಳ, ಯಾವುದು ಅಲ್ಲ ಎಂದು ಮನುಷ್ಯರೇ ಆರಿಸಬೇಕು. ವಯಸ್ಸಾದವರಲ್ಲಿ ಮೈಟ್ರಲ್ ಕವಾಟದ ಬುಡದ ಕ್ಯಾಲ್ಸಿಯಂ ಎಡಗಡೆಯ ಎಲ್‌ಸಿಎಕ್ಸ್ ನಾಳದ ಪಕ್ಕದಲ್ಲೇ ಇರುತ್ತದೆ. ಮಹಾಪಧಮನಿಯ ಬುಡದ್ದು ನಾಳಗಳು ಹೊರಡುವ ಬಾಯಿಗೆ ಅಂಟಿಕೊಂಡಂತೆ ಕಾಣುತ್ತದೆ. ಇವನ್ನು ಸೇರಿಸಿಬಿಟ್ಟರೆ ಸ್ಕೋರ್ ನೂರಾರು ಅಂಕ ಏರಬಹುದು. ಹೃದಯದ ಲಯ ತಪ್ಪಿದವರಲ್ಲಿ ಪದರಗಳು ಒಂದಕ್ಕೊಂದು ಹೊಂದದೆ ಒಂದೇ ಗಟ್ಟಿ ಎರಡು ಸಲ ಲೆಕ್ಕಕ್ಕೆ ಬರಬಹುದು, ಇಲ್ಲವೇ ನಡುವೆ ಬಿಟ್ಟುಹೋಗಬಹುದು. ದಪ್ಪ ಮೈಯವರಲ್ಲಿ ಚಿತ್ರ ಕಾಳುಕಾಳಾಗಿ, ಇಲ್ಲದ ಚುಕ್ಕೆ 130 ದಾಟಿದಂತೆ ತೋರುತ್ತದೆ. ಒಟ್ಟು ಸ್ಕೋರ್ 1, 2 ಎಂದು ಬಂದಾಗ ಅದು ನಿಜವಾದ ಕ್ಯಾಲ್ಸಿಯಮ್ಮೋ ಬರೀ ಕಾಳೋ ಎಂದು ರೇಡಿಯಾಲಜಿಸ್ಟ್ ಮತ್ತೊಮ್ಮೆ ನೋಡಲೇಬೇಕು. ಎಕ್ಸ್‌ರೇ ಟ್ಯೂಬಿನ ವೋಲ್ಟೇಜ್ 120 ಕೆವಿ, ಪದರದ ದಪ್ಪ 3 ಮಿ.ಮೀ. ಎಂಬುದು ಸೂತ್ರಕ್ಕೆ ಒಗ್ಗಿದ ಕ್ರಮ. ವಿಕಿರಣ ಉಳಿಸಲು 100 ಕೆವಿ ಬಳಸಿ 130ರ ಗಡಿಯನ್ನು ಹಾಗೆಯೇ ಇಟ್ಟರೆ ಸ್ಕೋರ್ ಸುಳ್ಳಾಗಿ ಏರುತ್ತದೆ.

ಹೀಗಾಗಿ ಒಳ್ಳೆಯ ವರದಿಯಲ್ಲಿ ಒಂದೇ ಒಂದು ಒಟ್ಟು ಅಂಕಿ ಇದ್ದರೆ ಸಾಲದು. ಎಲ್‌ಎಂ (ಎಡಗಡೆಯ ಮುಖ್ಯ ನಾಳ), ಎಲ್‌ಎಡಿ, ಎಲ್‌ಸಿಎಕ್ಸ್, ಆರ್‌ಸಿಎ ನಾಲ್ಕಕ್ಕೂ ಬೇರೆ ಬೇರೆ ಅಂಕ, ಸ್ಕ್ಯಾನ್ ಹೊತ್ತಿನ ಹೃದಯದ ವೇಗ, ಕೆವಿ, ಪದರದ ದಪ್ಪ, ಚಿತ್ರದ ಗುಣಮಟ್ಟ, ಡಿಎಲ್‌ಪಿ ಎಂಬ ವಿಕಿರಣದ ಲೆಕ್ಕ ಇರಬೇಕು. ಡಿಎಲ್‌ಪಿಯನ್ನು 0.014ರಿಂದ ಗುಣಿಸಿದರೆ ಅಂದಾಜು ಮಿಲಿಸೀವರ್ಟ್ ಸಿಗುತ್ತದೆ. 70 ಇದ್ದರೆ ಸುಮಾರು 1 ಮಿಲಿಸೀವರ್ಟ್, ಸರಿಯಾಗಿ ಮಾಡಿದ ಸ್ಕೋರ್ ಸ್ಕ್ಯಾನ್‌ಗೆ ಅಷ್ಟು ಸಹಜ. ಪ್ರಕೃತಿಯಿಂದಲೇ ಮನುಷ್ಯನಿಗೆ ವರ್ಷಕ್ಕೆ ಬೀಳುವ ವಿಕಿರಣದ ಜಾಗತಿಕ ಸರಾಸರಿ 2.4 ಮಿಲಿಸೀವರ್ಟ್. ಡಿಎಲ್‌ಪಿ 300, 400 ಎಂದಿದ್ದರೆ ಯಾಕೆ ಎಂದು ಕೇಳುವ ಹಕ್ಕು ನಿಮಗಿದೆ.

ವರದಿಯ ಕೊನೆಯಲ್ಲಿ ‘ಪರ್ಸೆಂಟೈಲ್’ ಎಂದು ಇನ್ನೊಂದು ಅಂಕಿ ಇರಬಹುದು: ನಿಮ್ಮ ವಯಸ್ಸಿನ ನೂರು ಜನರಲ್ಲಿ ಎಷ್ಟು ಜನರಿಗಿಂತ ನಿಮ್ಮ ಸ್ಕೋರ್ ಹೆಚ್ಚು ಎಂಬುದು. ಇದಕ್ಕೆ ಹೆಚ್ಚಾಗಿ ಬಳಸುವುದು ಅಮೆರಿಕದ ಮೆಸಾ ಅಧ್ಯಯನದ ಕೋಷ್ಟಕ. 2000ದಲ್ಲಿ ಶುರುವಾದ, 45ರಿಂದ 84 ವರ್ಷದ 6,814 ಜನರ ಆ ಅಧ್ಯಯನದಲ್ಲಿ ಬಿಳಿಯರು, ಕಪ್ಪು ಜನ, ಹಿಸ್ಪಾನಿಕರು, ಚೀನೀ ಮೂಲದವರು ಇದ್ದರು; ಭಾರತೀಯರ ಗುಂಪು ಇರಲಿಲ್ಲ. ದಕ್ಷಿಣ ಏಷ್ಯಾ ಮೂಲದವರಿಗಾಗಿಯೇ ಅಮೆರಿಕದಲ್ಲಿ ಆಮೇಲೆ ನಡೆದ ಮಸಾಲಾ ಅಧ್ಯಯನದಲ್ಲಿ ನಮ್ಮ ಕಡೆಯ ಗಂಡಸರ ಕ್ಯಾಲ್ಸಿಯಂ ಅಲ್ಲಿನ ಬಿಳಿಯರಷ್ಟೇ ಇತ್ತು, ಉಳಿದ ಗುಂಪುಗಳ ಗಂಡಸರಿಗಿಂತ ಹೆಚ್ಚಿತ್ತು. ಅರಕಲಗೂಡಿನ ರೈತರೊಬ್ಬರ ವರದಿಯಲ್ಲಿ ಯಾವ ಗುಂಪು ಆರಿಸಿ ಪರ್ಸೆಂಟೈಲ್ ತೆಗೆದಿದ್ದಾರೆ ಎಂದು ಬರೆಯದಿದ್ದರೆ ಆ ಅಂಕಿಗೆ ಹೆಚ್ಚು ತೂಕ ಕೊಡಬೇಡಿ.

ಅಂಕಿ ಬಂದ ಮೇಲೆ? 2018ರ ಅಮೆರಿಕನ್ ಕೊಲೆಸ್ಟರಾಲ್ ಮಾರ್ಗಸೂಚಿ ಮಧ್ಯಮ ಅಪಾಯದವರಿಗೆ ಹೇಳುವುದು ಹೀಗೆ: ಸೊನ್ನೆ ಇದ್ದರೆ, ಧೂಮಪಾನ, ಮಧುಮೇಹ, ಮನೆತನದಲ್ಲಿ ಎಳೆ ವಯಸ್ಸಿನ ಹೃದ್ರೋಗ ಇಲ್ಲದವರು ಸ್ಟ್ಯಾಟಿನ್ ಮುಂದೂಡಬಹುದು. 1ರಿಂದ 99 ಇದ್ದರೆ, ಅದರಲ್ಲೂ 55 ದಾಟಿದವರಿಗೆ, ಸ್ಟ್ಯಾಟಿನ್ ಕಡೆಗೆ ಒಲವು. 100 ಮತ್ತು ಮೇಲಿದ್ದರೆ ಸ್ಟ್ಯಾಟಿನ್ ಶುರು ಮಾಡುವುದೇ ಸರಿ. ಸೊನ್ನೆ ಬಂದವರು ಪ್ರತಿ ವರ್ಷ ಮತ್ತೆ ಮಾಡಿಸಬೇಕಿಲ್ಲ. ಅಪಾಯ ಕಡಿಮೆ ಇದ್ದರೆ ಐದಾರು ವರ್ಷ, ಮಧುಮೇಹ ಇದ್ದರೆ ಮೂರು ವರ್ಷ ಬಿಟ್ಟು ನೋಡಿದರೆ ಸಾಕು.

ಸ್ಟ್ಯಾಟಿನ್ ತೆಗೆದುಕೊಳ್ಳುತ್ತಿರುವವರು ‘ಮಾತ್ರೆ ಕೆಲಸ ಮಾಡಿದೆಯಾ’ ಎಂದು ನೋಡಲು ಮತ್ತೆ ಸ್ಕೋರ್ ಮಾಡಿಸುವುದು ದುಡ್ಡು ದಂಡ, ಮೇಲೆ ಅನಗತ್ಯ ಭಯ. ಸ್ಟ್ಯಾಟಿನ್ ಮೆದು ಕೊಬ್ಬಿನ ಪದರವನ್ನು ಗಟ್ಟಿಗೊಳಿಸಿ ಸ್ಥಿರಗೊಳಿಸುತ್ತದೆ, ಆ ಗಟ್ಟಿತನವೇ ಸ್ಕೋರ್‌ನಲ್ಲಿ ಏರಿಕೆಯಾಗಿ ಕಾಣಬಹುದು. 120 ಇದ್ದದ್ದು 160 ಆಯಿತೆಂದು ಮಾತ್ರೆ ಬಿಟ್ಟವರು ತಮಗೆ ರಕ್ಷಣೆ ಕೊಡುತ್ತಿದ್ದುದನ್ನೇ ಬಿಟ್ಟಂತೆ. ಮಾತ್ರೆಯ ಕೆಲಸವನ್ನು ಎಲ್‌ಡಿಎಲ್ ರಕ್ತಪರೀಕ್ಷೆಯಲ್ಲಿ ನೋಡಿ.

ಸೆಂಟರ್‌ನಿಂದ ಹೊರಡುವಾಗ ಫಿಲ್ಮ್ ಅಷ್ಟೇ ಅಲ್ಲ, ಡೈಕಾಂ ಚಿತ್ರಗಳಿರುವ (ಯಂತ್ರದ ಮೂಲ ಡಿಜಿಟಲ್ ಚಿತ್ರಗಳು) ಸಿ.ಡಿ. ಅಥವಾ ಲಿಂಕ್ ಕೇಳಿ ಪಡೆಯಿರಿ. ಮುಂದೆ ಜಯದೇವದಲ್ಲೋ ಬೇರೆಲ್ಲೋ ಸ್ಕೋರ್ ಮತ್ತೆ ಲೆಕ್ಕ ಹಾಕಬೇಕೆಂದರೆ ಫಿಲ್ಮ್‌ನಿಂದ ಆಗುವುದಿಲ್ಲ. ಎಡಬಲದ ಶ್ವಾಸಕೋಶದ ಭಾಗವನ್ನೂ ಅಗಲ ಚೌಕಟ್ಟಿನಲ್ಲಿ ತೆಗೆದು ನೋಡಿದ್ದಾರೆಯೇ ಎಂದೂ ಕೇಳಿ. ಹೃದಯಕ್ಕಷ್ಟೇ ಕತ್ತರಿಸಿದ ಚಿಕ್ಕ ಚೌಕಟ್ಟನ್ನು ನೋಡಿ ಬಿಟ್ಟರೆ ಪಕ್ಕದ ಗಂಟು ಕಣ್ಣಿಗೆ ಬೀಳುವುದಿಲ್ಲ. ಅಲ್ಲಿ ಏನಾದರೂ ಬರೆದಿದ್ದರೆ ತಕ್ಷಣ ಕ್ಯಾನ್ಸರ್ ಎಂದುಕೊಳ್ಳಬೇಡಿ: ಹಳೆಯ ಕ್ಷಯದ ಸುಣ್ಣಗಟ್ಟಿದ ಗುರುತು ನಮ್ಮಲ್ಲಿ ಸಾಮಾನ್ಯ, ಧೂಮಪಾನ ಮಾಡದವರಲ್ಲಿ 6 ಮಿ.ಮೀ.ಗಿಂತ ಚಿಕ್ಕ ಒಂಟಿ ಗಂಟಿಗೆ ಸಾಮಾನ್ಯವಾಗಿ ಮರುಸ್ಕ್ಯಾನ್ ಕೂಡ ಬೇಕಾಗುವುದಿಲ್ಲ. ಅದಕ್ಕಿಂತ ದೊಡ್ಡದಿದ್ದರೆ ಸಿ.ಡಿ. ಸಮೇತ ಶ್ವಾಸಕೋಶ ತಜ್ಞರಿಗೆ ತೋರಿಸಿ, ಹಳೆಯ ಎಕ್ಸ್‌ರೇ ಇದ್ದರೆ ಅದನ್ನೂ ಕೊಂಡೊಯ್ಯಿರಿ.